ಹಾಲುಕೆರೆ ಕಚೇರಿಯ ಬಾಗುಮರದ ಕುರ್ಚಿ

ಹಾಲುಕೆರೆ, ಗುಬ್ಬಿ ತಾಲ್ಲೂಕು
೨೨ ಫೆಬ್ರವರಿ ೧೯೮೭

ಪ್ರೀತಿಯ ಕುಲ್ಸುಂ,

ನನ್ನ ಅಕ್ಷರದ ಗುರುತು ಸಿಕ್ಕಿತೇ? ಹೈಸ್ಕೂಲಿನಲ್ಲಿ ನಿನ್ನ ಪಕ್ಕದಲ್ಲೇ ಕೂತು ನಿನ್ನ ಶಾಯಿಬುಡ್ಡಿ ಖಾಲಿ ಮಾಡುತ್ತಿದ್ದ ಪುಟ್ಟಗಂಗಮ್ಮ. ನೀನು ಮದುವೆಯಾಗಿ ಕುಣಿಗಲ್‌ಗೆ ಹೋದ ಮೇಲೆ ನಿನ್ನ ವಿಳಾಸವೇ ನನಗೆ ತಪ್ಪಿಹೋಗಿತ್ತು. ತಿರುಗಿ ಮಂಡಿಪೇಟೆಗೆ ಬಂದಿದ್ದೀಯ, ಅಪ್ಪನ ಅಂಗಡಿಯಲ್ಲೇ ಕೆಲಸ ಮಾಡುತ್ತೀಯ ಎಂದು ಮೊನ್ನೆ ಗೊತ್ತಾಯಿತು. ಯಾಕೆ ಬಂದೆ ಎಂದು ಕೇಳುವುದಿಲ್ಲ. ಹೇಳಬೇಕೆನಿಸಿದಾಗ ಹೇಳು.

ನನ್ನ ಸುದ್ದಿ ಕೇಳು. ಈ ಸಲದ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಕೇರಿಯ ಹೆಂಗಸಿಗೆಂದು ಮೀಸಲಿಟ್ಟ ಜಾಗಕ್ಕೆ ನಿಂತು ಗೆದ್ದಿದ್ದೇನೆ. ನಿಲ್ಲಿಸಿದವರು ಊರಿನ ದೊಡ್ಡವರೇ. ತೆಂಗಿನಕಾಯಿ ಕೀಳುವ ಬೆಟ್ಟಸ್ವಾಮಿಯ ಹೆಂಡತಿ, ನಾರಿನ ಹಗ್ಗ ಹೊಸೆಯುವವಳು, ತೋರಿಸಿದ ಕಡೆ ರುಜು ಹಾಕಿಕೊಂಡು ಸುಮ್ಮನಿರುತ್ತಾಳೆ ಎಂದು ಅವರ ಲೆಕ್ಕ. ನಾನು ಎಸ್ಸೆಸ್ಸೆಲ್ಸಿ ಓದಿದವಳು ಎಂಬುದು ಅವರಿಗೆ ಮರೆತುಹೋಗಿತ್ತು.

ಮೊದಲ ಸಭೆಗೆ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೋದೆ. ಗಂಡಸರೆಲ್ಲ ಮೇಜಿನ ಸುತ್ತ ಕುರ್ಚಿಯಲ್ಲಿ ಕೂತಿದ್ದರು. ಗೋಡೆ ಪಕ್ಕ ಒಂದು ಚಾಪೆ ಹಾಸಿತ್ತು. ಪ್ರಧಾನರಾದ ಮಹಾಲಿಂಗಯ್ಯನವರು ತಲೆ ಎತ್ತದೆ, "ಕುರ್ಚಿ ಸಾಲ್ದು ಕಣಮ್ಮ. ಹೆಂಗಸ್ರು ಚಾಪೆ ಮ್ಯಾಲೆ ಕುಂತ್ಕಳಿ. ಇನ್ನೊಂದ್ ದಪ ನೋಡಾಣ" ಅಂದರು. ಇನ್ನೊಬ್ಬ ಹೆಂಗಸು ಚೆನ್ನಮ್ಮನವರು, ಪ್ರಧಾನರ ಸೋದರತ್ತೆ, ತೋಟ ತುಡಿಕೆ ಇರುವ ಮನೆಯವರು. ಅವರು ಹೋಗಿ ಚಾಪೆಯ ಮೇಲೆ ಕೂತರು. ನಾನು ಕೂರಲಿಲ್ಲ. ಸಭೆ ಮುಗಿಯುವವರೆಗೂ ನಿಂತೇ ಇದ್ದೆ. ಬೆಟ್ಟಸ್ವಾಮಿ ಆಮೇಲೆ ಕೇಳಿದ, "ಚಾಪೆ ಮ್ಯಾಲೆ ಕುಂತಿದ್ರೆ ಏನಾಯ್ತಿತ್ತು?" ಏನೂ ಆಗುತ್ತಿರಲಿಲ್ಲ. ಐದು ವರ್ಷ ಅಲ್ಲೇ ಕೂತಿರುತ್ತಿದ್ದೆ, ಅಷ್ಟೇ.

ನಿನಗೆ ಬರೆಯಲು ಕಾರಣ ಇದು. ಕಚೇರಿಯ ಹಿಂದಿನ ಕೋಣೆಯಲ್ಲಿ ಮುರಿದ ಕುರ್ಚಿಗಳ ರಾಶಿ ಬಿದ್ದಿದೆ. ಯಾವುದೋ ನಾಟಕ ಕಂಪನಿ ನಮ್ಮೂರಲ್ಲಿ ಮುಳುಗಿಹೋದಾಗ ಬಿಟ್ಟುಹೋದ ಮುಂದಿನ ಸಾಲಿನ ಕುರ್ಚಿಗಳಂತೆ. ನಿಮ್ಮ ಅಪ್ಪನ ಅಂಗಡಿಯಲ್ಲಿ ನೇತಾಡುತ್ತಿದ್ದವಲ್ಲ, ಬೆನ್ನು ಬಳೆಯ ಹಾಗೆ ಬಗ್ಗಿರುವ ಕುರ್ಚಿ, ಅದೇ ಜಾತಿ. ಬೆತ್ತ ಹರಿದು ಜೋಲುತ್ತಿದೆ. ಇಂಥವನ್ನು ರಿಪೇರಿ ಮಾಡಲು ಆಗುತ್ತದೆಯೇ? ಕುರ್ಚಿ ಸಾಲದು ಎನ್ನುವ ಮಾತು ಅವರ ಬಾಯಲ್ಲಿ ಇನ್ನೊಂದು ಸಲ ಬರಬಾರದು.

ಇಂತಿ ನಿನ್ನ
ಪುಟ್ಟಗಂಗಮ್ಮ

---

ಮಂಡಿಪೇಟೆ, ತುಮಕೂರು
೧೦ ಮಾರ್ಚ್ ೧೯೮೭

ಪುಟ್ಟಿ,

ಮೆಂಬರಮ್ಮ ಅನ್ನಬೇಕೇನೋ ನಿನ್ನನ್ನು. ನನ್ನ ಕೈಲಿ ಆಗುವುದಿಲ್ಲ ಕಣೇ.

ಕುಣಿಗಲ್ ವಿಷಯ ಕೇಳದೆ ಬಿಟ್ಟೆಯಲ್ಲ, ಅದಕ್ಕೇ ಹೇಳುತ್ತೇನೆ. ಆ ಮನೆಯಲ್ಲಿ ಕೈ ಎತ್ತುವುದು ರೂಢಿ. ನಾನು ರೂಢಿ ಮಾಡಿಕೊಳ್ಳಲಿಲ್ಲ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಅಬ್ಬಾನ ಕೈ ಈಗ ನಡುಗುತ್ತದೆ. ಹೋದ ವರ್ಷ ಬಂದ ಜ್ವರ ಹೋಗುವಾಗ ಕೈಯ ಕಸುವನ್ನೂ ತೆಗೆದುಕೊಂಡು ಹೋಯಿತು. ಬೆಳಿಗ್ಗೆ ಹಿಂದಿನ ಮನೆಯಿಂದ ಬಂದು ಅಂಗಡಿಯ ಹೊಸ್ತಿಲ ಮೇಲೆ ಕೂರುತ್ತಾರೆ, ದಾರಿಯಲ್ಲಿ ಹೋಗುವವರ ಸಲಾಮಿಗೆ ತಲೆ ಆಡಿಸುತ್ತಾರೆ. ಅಣ್ಣ ಮುನಾವರ್ ಗೊತ್ತಲ್ಲ, ಸತ್ಯಮಂಗಲದಲ್ಲಿ ಮಡಿಸುವ ಸ್ಟೀಲ್ ಕುರ್ಚಿ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಂಗಡಿ ಖಾಲಿ ಮಾಡಿ ಅಲ್ಲಿ ಸ್ಟೀಲ್ ಕುರ್ಚಿ ಮಾರಬೇಕು ಎನ್ನುತ್ತಾನೆ. ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಮದುವೆ ಮನೆಯವರು, ಹೋಟೆಲಿನವರು ಎಲ್ಲರೂ ಅದನ್ನೇ ಕೇಳುತ್ತಾರೆ. ಒಂದರ ಮೇಲೊಂದು ಜೋಡಿಸಿ ಗಾಡಿಗೆ ತುಂಬಬಹುದು. ನನಗೆ ಇನ್ನೊಂದು ಗಂಡೂ ನೋಡಿದ್ದಾನಂತೆ. ಅಂಗಡಿಯ ಜೊತೆಗೆ ನನ್ನನ್ನೂ ಖಾಲಿ ಮಾಡುವ ಯೋಚನೆ.

ಬೆತ್ತ ಹೆಣೆಯುವುದು ನಮ್ಮ ಮನೆ ಹೆಂಗಸರಿಗೆಲ್ಲ ಬರುತ್ತದೆ. ಒಳಗೆ ಕೂತು ಹೆಣೆದು ಹೊರಗೆ ಕಳಿಸುತ್ತಿದ್ದೆವು. ಮರ ಬಗ್ಗಿಸುವುದು ಮಾತ್ರ ಗಂಡಸರ ಕೆಲಸ. ಹಿತ್ತಲಲ್ಲಿ ಮರ ಬೇಯಿಸುವ ಹಂಡೆ ಕುದಿಯುವಾಗ ನಮ್ಮನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಈಗ ನಾನೇ ಹಂಡೆ ಇಡುತ್ತಿದ್ದೇನೆ. ಬಗ್ಗಿಸಿದ್ದೆಲ್ಲ ಇದುವರೆಗೆ ಮುರಿದಿದೆ. ಮುರಿದ ಸದ್ದು ಕೇಳಿದಾಗಲೆಲ್ಲ ಮುನಾವರ್ ಒಳಗಿಂದ "ಆಯ್ತಾ?" ಅನ್ನುತ್ತಾನೆ.

ನಿನ್ನ ಕುರ್ಚಿ ರಿಪೇರಿಯಾಗುತ್ತದೆ. ಒಂದನ್ನು ಬಸ್ಸಿನ ಮೇಲೆ ಹಾಕಿಸಿ ಕಳಿಸು.

ಕುಲ್ಸುಂ

---

ಹಾಲುಕೆರೆ
೨೬ ಮಾರ್ಚ್ ೧೯೮೭

ಕುಲ್ಸುಂ,

ಈ ಕಾರ್ಡು ಮುಟ್ಟುವ ಹೊತ್ತಿಗೆ ಬೆಟ್ಟಸ್ವಾಮಿ ಕುರ್ಚಿ ಹೊತ್ತುಕೊಂಡು ನಿಮ್ಮ ಬಾಗಿಲಿಗೆ ಬಂದಿರುತ್ತಾನೆ. ಕಾರ್ಯದರ್ಶಿಯನ್ನು ಕೇಳಿದೆ. "ಸೌದೆಗೆ ಬೇಕಾ? ತಗಂಡೋಗಮ್ಮ" ಅಂದರು. ಹೂಂ ಅಂದೆ. ಈ ತಿಂಗಳ ಸಭೆಯಲ್ಲೂ ನಿಂತೇ ಇದ್ದೆ.

ಪುಟ್ಟಗಂಗಮ್ಮ

---

ಮಂಡಿಪೇಟೆ, ತುಮಕೂರು
೩ ಮೇ ೧೯೮೭

ಪುಟ್ಟಿ,

ತಡವಾಯಿತು. ಬೆತ್ತದ ಕೆಲಸವಾಗಿದ್ದರೆ ಆ ವಾರವೇ ಮುಗಿಸಿ ಕಳಿಸುತ್ತಿದ್ದೆ. ಆದರೆ ಕುರ್ಚಿಯ ಬೆನ್ನೇ ಸೀಳಿತ್ತು. ಹಿಂದಿನ ಕಾಲಿನಿಂದ ಹೊರಟು, ಬೆನ್ನ ಮೇಲೆ ಸುತ್ತಿ, ಇನ್ನೊಂದು ಕಾಲಾಗಿ ಇಳಿಯುವುದು ಒಂದೇ ಕೋಲು. ನಡುವೆ ಎಲ್ಲೂ ಜೋಡಣೆ ಇಲ್ಲ. ಸೀಳಿದರೆ ಹೊಸ ಕೋಲನ್ನೇ ಬಗ್ಗಿಸಬೇಕು.

ನಾನು ಬಗ್ಗಿಸಿದ್ದೆಲ್ಲ ಮುರಿಯುವ ಸದ್ದನ್ನು ಅಬ್ಬಾ ಹೊಸ್ತಿಲ ಮೇಲೆ ಕೂತು ಅಷ್ಟು ದಿನ ಕೇಳುತ್ತಿದ್ದರು. ಒಂದು ಮಾತೂ ಹೇಳಿರಲಿಲ್ಲ. ನಿನ್ನ ಕುರ್ಚಿ ಬಂದ ದಿನ ಅದರ ಬೆನ್ನನ್ನು ತುಂಬ ಹೊತ್ತು ಸವರಿದರು. ಇದು ಯಾರಿಗೆ ಎಂದು ಕೇಳಿದರು. ನೀನು ಸಭೆಯಲ್ಲಿ ನಿಂತೇ ಇರುವ ವಿಷಯ ಹೇಳಿದೆ. ಆಮೇಲೆ ಅಂದರು, "ಗರಗಸದ ಮಿಲ್ಲಿನ ಹಲಗೆ ತಂದು ಬಗ್ಗಿಸ್ತೀಯ. ಅದು ಒಣಗಿ ಸತ್ತಿರೋ ಮರ. ಹಿಪ್ಪುನೇರಳೆ ತಾ. ಹಸೀದು. ನಾರು ನೆಟ್ಟಗಿರಬೇಕು."

ಮರವಾಗಿ ಬೆಳೆದ ಹಿಪ್ಪುನೇರಳೆ ಎಲ್ಲಿ ಸಿಗುತ್ತದೆ? ರೇಷ್ಮೆ ಬೆಳೆಯುವ ಕುಣಿಗಲ್ ಕಡೆ. ಯಾವ ಊರಿಗೆ ಮತ್ತೆ ಕಾಲಿಡುವುದಿಲ್ಲ ಎಂದಿದ್ದೆನೋ ಅದೇ ಊರು. ಹೋದೆ. ಅಂಜನಪ್ಪ ಎಂಬ ರೈತರ ಬದುವಿನ ಮೇಲೆ ಹಳೆಯ ಮರ ಇತ್ತು. ಕಡಿಸಿ, ಸೀಳಿಸಿ, ಕೋಲುಗಳನ್ನು ಗೋಣಿಯಲ್ಲಿ ಸುತ್ತಿ ಬಸ್‌ಸ್ಟ್ಯಾಂಡಿಗೆ ತಂದೆ. ಅಲ್ಲಿ ಸಿಕ್ಕಿದರು ನೋಡು, ನನ್ನ ಅತ್ತೆಯಾಗಿದ್ದ ಜೈನಬ್ ಬೀ. ನಾಲ್ಕು ಜನರ ಮುಂದೆ, "ಮರ ಹೊತ್ಕೊಂಡು ಬೀದಿ ತಿರುಗ್ತೀಯಾ? ನಮ್ಮ ಮರ್ಯಾದೆ ಏನಾಗ್ಬೇಕು?" ಅಂದರು. "ನಿಮ್ಮ ಮರ್ಯಾದೆ ನಿಮ್ಮನೇಲೇ ಬಿಟ್ಟು ಬಂದಿದೀನಿ. ಹೋಗಿ ನೋಡ್ಕೊಳ್ಳಿ" ಅಂದೆ. ಕಂಡಕ್ಟರು ಬಂದು ಕೋಲುಗಳನ್ನು ಮೇಲೆ ಹಾಕಿಸಿದ.

ಹಿತ್ತಲಲ್ಲಿ ಹಂಡೆ ಇಟ್ಟು ತೆಂಗಿನ ಮಟ್ಟೆಯ ಉರಿ ಮಾಡಿದೆ. ಹಂಡೆಯ ಆವಿ ಒಂದು ಕಬ್ಬಿಣದ ಕೊಳವೆಗೆ ಹೋಗುತ್ತದೆ. ಕೋಲನ್ನು ಅದರೊಳಗಿಟ್ಟು ಬಾಯಿಗೆ ಗೋಣಿ ತುರುಕಿ ಬೇಯಿಸಬೇಕು. ಬೆಂದ ಕೋಲನ್ನು ಹೊರಗೆಳೆದು, ಹೊರಮೈಗೆ ಕಬ್ಬಿಣದ ಪಟ್ಟಿ ಬಿಗಿದು, ಅಚ್ಚಿನ ಸುತ್ತ ಬಗ್ಗಿಸಬೇಕು. ಪಟ್ಟಿ ಇಲ್ಲದಿದ್ದರೆ ಹೊರಮೈಯ ನಾರು ಹಿಗ್ಗಿ ಹರಿಯುತ್ತದೆ. ಅಬ್ಬಾ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಒಂದು ತುದಿ ನಾನು, ಒಂದು ತುದಿ ಅವರು. ಅವರ ಕೈಯಲ್ಲಿ ಬಲವಿರಲಿಲ್ಲ, ಮೈಯ ಭಾರವನ್ನೆಲ್ಲ ಹಾಕಿದರು. "ಎಳೀಬೇಡ, ಒಯ್ಯಿ. ಅದು ಬಂದಷ್ಟೇ ಒಯ್ಯಿ" ಎನ್ನುತ್ತಲೇ ಇದ್ದರು. ಬಂತು. ಸದ್ದೇ ಆಗಲಿಲ್ಲ. ಸದ್ದಾಗಲಿಲ್ಲ ಎಂದೇ ಮುನಾವರ್ ಹೊರಗೆ ಬಂದು ನೋಡಿದ.

ಅಚ್ಚಿನಲ್ಲೇ ಒಣಗುತ್ತಿದೆ. ಬೆತ್ತ ಹೆಣೆದು, ಅರಗಿನ ಪಾಲಿಶ್ ಕೊಟ್ಟು, ಈ ತಿಂಗಳ ಸಭೆಗೆ ಕಳಿಸುತ್ತೇನೆ.

ಕುಲ್ಸುಂ

---

ಹಾಲುಕೆರೆ
೨೮ ಜೂನ್ ೧೯೮೭

ಕುಲ್ಸುಂ,

ಕುರ್ಚಿ ಬಂದ ದಿನ ಕೇರಿಯವರೆಲ್ಲ ನೋಡಲು ಬಂದರು. ಯಾರೂ ಕೂರಲಿಲ್ಲ. ನಮ್ಮತ್ತೆ ಮಾತ್ರ ಕೂತು, ಹಿಂದಕ್ಕೆ ಒರಗಿ, "ಬೆನ್ ಹಿಡ್ಕತದೆ ಕಣವ್ವ ಇದು" ಅಂದಳು.

ಹೋದ ತಿಂಗಳ ಸಭೆಯಲ್ಲಿ ಅದರಲ್ಲೇ ಕೂತೆ. ಮೇಜಿನ ಹತ್ತಿರಕ್ಕೆ ನಾನೇ ಎಳೆದುಕೊಂಡೆ. ಎರಡು ಪಕ್ಕದವರೂ ತಮ್ಮ ಕುರ್ಚಿಗಳನ್ನು ಸ್ವಲ್ಪ ಸ್ವಲ್ಪ ದೂರ ಸರಿಸಿಕೊಂಡರು. ಪ್ರಧಾನರು ನನ್ನ ಕಡೆ ನೋಡಲೇ ಇಲ್ಲ. ಆದರೂ ಕೂತೆ. ಮನೆಗೆ ತಂದಿಡುವುದು ಬೇಡ, ಕಚೇರಿಯ ಕುರ್ಚಿ ಕಚೇರಿಯಲ್ಲೇ ಇರಲಿ ಎಂದು ಬಿಟ್ಟು ಬಂದೆ.

ನಿನ್ನೆ ಸಭೆಗೆ ಹೋದರೆ ಬೆತ್ತವನ್ನು ಕೊಯ್ದಿದ್ದಾರೆ. ಈ ಅಂಚಿನಿಂದ ಆ ಅಂಚಿಗೆ, ಬ್ಲೇಡಿನಲ್ಲಿ. ನೀನು ಹೆಣೆದದ್ದೆಲ್ಲ ಕೆಳಗೆ ಜೋತುಬಿದ್ದಿತ್ತು. ಯಾರು ಎಂದು ನಾನು ಕೇಳಲಿಲ್ಲ. ಎಲ್ಲರೂ ಮೇಜು ನೋಡುತ್ತಿದ್ದರು. ಮಹಾಲಿಂಗಯ್ಯನವರು, "ಮುರ್ಕಲು ಕುರ್ಚಿ ತಂದ್ರೆ ಇಂಗೇಯ. ಚಾಪೆ ಐತಲ್ಲ" ಅಂದರು. ಒಬ್ಬರು ನಕ್ಕರು.

ನಾನು ಆ ಕುರ್ಚಿಯನ್ನೇ ಎಳೆದುಕೊಂಡೆ. ಸುತ್ತಲಿನ ಮರದ ಬಳೆಯ ಮೇಲೆ ಕೂತೆ. ನಡುವೆ ಬರೀ ತೂತು. ತೊಡೆಗೆ ಮರ ಒತ್ತಿ ಒತ್ತಿ ಕಾಲು ಜೋಮು ಹಿಡಿಯಿತು. ಸಭೆ ಮುಗಿಯುವವರೆಗೂ ಏಳಲಿಲ್ಲ. ಏಳುವಾಗ ಬೀಳುವ ಹಾಗಾಯಿತು. ಆಗ ಮೇಜು ಹಿಡಿದುಕೊಂಡೆ, ಯಾರ ಕೈಯನ್ನೂ ಹಿಡಿಯಲಿಲ್ಲ.

ಮನೆಗೆ ಬಂದು ಅತ್ತುಬಿಟ್ಟೆ. ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ. ಕುರ್ಚಿಯನ್ನು ಮತ್ತೆ ಕಳಿಸಲೇ?

ಪುಟ್ಟಗಂಗಮ್ಮ

---

ಮಂಡಿಪೇಟೆ, ತುಮಕೂರು
೪ ಜುಲೈ ೧೯೮೭

ಪುಟ್ಟಿ,

ಕುರ್ಚಿಯನ್ನು ಕಳಿಸಬೇಡ. ಇಲ್ಲಿ ಹೆಣೆದು ಅಲ್ಲಿಗೆ ಕಳಿಸಿದರೆ ಅವರಿಗೆ ಅದು ಕೊಯ್ಯುವ ಬೆತ್ತ, ಅಷ್ಟೇ. ಹೆಣೆಯುವುದನ್ನು ಅವರು ನೋಡಿಲ್ಲ. ನಾನೇ ಬರುತ್ತೇನೆ. ಮುಂದಿನ ಸಭೆಯ ದಿನ ಬೆಳಿಗ್ಗೆ, ಕಚೇರಿಯ ಜಗಲಿಯ ಮೇಲೆ ಕೂತು, ಎಲ್ಲರ ಕಣ್ಣೆದುರೇ ಹೆಣೆಯುತ್ತೇನೆ.

ಮುನಾವರ್‌ಗೆ ಹೇಳಿದೆ. "ಯಾವುದೋ ಹಳ್ಳೀಲಿ ಗಂಡಸರ ಮುಂದೆ ಕೂತು ಬೆತ್ತ ಹೆಣೀತೀಯಾ? ಹೋದ್ರೆ ಅಂಗಡಿಗೆ ಬೀಗ ಹಾಕ್ತೀನಿ" ಅಂದ. ಹಾಕುವವನೇ. ಸುಮ್ಮನೆ ಮಾತಾಡುವ ಜಾತಿಯಲ್ಲ ಅವನು. ಅಬ್ಬಾನನ್ನು ನೋಡಿದೆ. ಅವರು ಹೊಸ್ತಿಲಿಂದ ಎದ್ದು ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಅವರ ಹಳೆಯ ದಬ್ಬಳ ಇತ್ತು. ಅದನ್ನು ನನ್ನ ಚೀಲದಲ್ಲಿ ಹಾಕಿದರು.

ಕುಲ್ಸುಂ

---

ಹಾಲುಕೆರೆ
೩ ಆಗಸ್ಟ್ ೧೯೮೭

ಇಸಾಕ್ ಸಾಬರಿಗೆ ಪುಟ್ಟಗಂಗಮ್ಮನ ನಮಸ್ಕಾರಗಳು.

ನಿಮ್ಮ ಮಗಳು ಇಲ್ಲಿ ನಡೆದದ್ದನ್ನು ನಿಮಗೆ ಪೂರ್ತಿ ಹೇಳಿರುವುದಿಲ್ಲ. ಹೇಳಿದರೂ ಎರಡು ಮಾತಿನಲ್ಲಿ ಮುಗಿಸಿರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಕುಲ್ಸುಂ ಮೊದಲ ಬಸ್ಸಿಗೇ ಬಂದಳು. ಬಕೆಟ್ಟಿನ ನೀರಿನಲ್ಲಿ ಬೆತ್ತದ ಎಳೆ ನೆನೆಹಾಕಿ, ಕುರ್ಚಿಯನ್ನು ಜಗಲಿಗೆ ತಂದು, ಕೊಯ್ದ ಬೆತ್ತವನ್ನು ತೂತು ತೂತಿನಿಂದ ಕಿತ್ತುಹಾಕಿದಳು. ಆಮೇಲೆ ಹೆಣೆಯಲು ಕೂತಳು. ಸೊಸೈಟಿಗೆ ಬಂದವರು, ಹಾಲು ಹಾಕಲು ಬಂದವರು ಒಬ್ಬೊಬ್ಬರೇ ನಿಂತರು. ಉದ್ದ ಎಳೆ, ಅಡ್ಡ ಎಳೆ, ಅದರ ಮೇಲೆ ಓರೆ ಎಳೆ. ಅವಳು ಯಾರ ಮುಖವನ್ನೂ ನೋಡಲಿಲ್ಲ.

ಮಧ್ಯಾಹ್ನ ಪ್ರಧಾನರು ಬಂದರು.

"ಯಾರಮ್ಮ ನೀನು? ಇಲ್ಲೇನ್ ಮಾಡ್ತಿದೀಯ?"

"ಕುರ್ಚಿ ಹೆಣೀತಿದೀನಿ ಸ್ವಾಮಿ."

"ಯಾರ್ ಹೇಳಿದ್ರು?"

"ಕುರ್ಚಿ ಸಾಲ್ದು ಅಂತ ನೀವೇ ಹೇಳಿದ್ರಂತಲ್ಲ."

ಜನರಲ್ಲಿ ಯಾರೋ ಕೆಮ್ಮಿದರು. ಪ್ರಧಾನರ ಮುಖ ಕೆಂಪಾಯಿತು. "ಇದು ಸರ್ಕಾರಿ ಆಪೀಸು. ಎದ್ದು ಓಗ್ತಾ ಇರು" ಅಂದರು.

"ಬೆತ್ತ ನೆನೆದಿದೆ ಸ್ವಾಮಿ. ಬಿಟ್ರೆ ಒಣಗಿ ಮುರಿಯತ್ತೆ. ಮುಗಿಸೇ ಏಳೋದು."

ಸಾಬರೇ, ಅವಳ ದನಿ ಏರಲೇ ಇಲ್ಲ. ಕೈಯೂ ನಿಲ್ಲಲಿಲ್ಲ. ಪ್ರಧಾನರು ಜವಾನನನ್ನು ಕರೆದು ಕುರ್ಚಿ ಕಿತ್ತುಕೊಳ್ಳಲು ಹೇಳಿದರು. ನಾನು ಹೋಗಿ ಕುರ್ಚಿಯ ಮುಂದೆ ನಿಂತೆ. ಬೆಟ್ಟಸ್ವಾಮಿಯೂ ಬಂದು ನಿಂತ. ಜವಾನ ಅಲ್ಲೇ ಉಳಿದ. ಆಗ ಚೆನ್ನಮ್ಮನವರು ಬಂದರು. ಪ್ರಧಾನರ ಸೋದರತ್ತೆ, ಇಷ್ಟು ತಿಂಗಳೂ ಬಾಯಿ ಬಿಡದೆ ಚಾಪೆಯ ಮೇಲೆ ಕೂತವರು. ಅವರು ಮೆಟ್ಟಿಲು ಹತ್ತಿ ಕುಲ್ಸುಂ ಹೆಣೆಯುವುದನ್ನು ನೋಡಿದರು. ಆಮೇಲೆ ಕೇಳಿದರು, "ನಂಗೂ ಒಂದು ಮಾಡ್ಕೊಡ್ತೀಯೇನವ್ವ? ಮಂಡಿ ನೋವು. ಚಾಪೆಯಿಂದ ಏಳಕ್ಕಾಗಕಿಲ್ಲ."

"ಮಾಡ್ಕೊಡ್ತೀನಮ್ಮ. ಇವತ್ತಿಗೆ ಒಳಗೆ ಇರೋದ್ರಲ್ಲೇ ಒಂದು ಕೇಳಿ ತಗೊಳ್ಳಿ" ಅಂದಳು ನಿಮ್ಮ ಮಗಳು.

ಚೆನ್ನಮ್ಮನವರು ಸೋದರಳಿಯನ ಕಡೆ ತಿರುಗಿದರು. "ಮಾಲಿಂಗ, ಕುರ್ಚಿ ತರ್ಸ್ಲಾ ನಂಗೆ. ನಿಮ್ ಮಾವ ಬದುಕಿದ್ರೆ ನನ್ನ ನೆಲದ ಮ್ಯಾಲೆ ಕೂರುಸ್ತಿದ್ಯಾ ನೀನು?"

ಕುರ್ಚಿ ಬಂತು. ಕುಲ್ಸುಂ ಕೊನೆಯ ಎಳೆ ಬಿಗಿದಾದ ಮೇಲೆ ನನ್ನ ಕುರ್ಚಿಯನ್ನು ಮೇಜಿನ ಹತ್ತಿರ ಹಾಕಿದೆ. ಚೆನ್ನಮ್ಮನವರು ತಮ್ಮದನ್ನು ಅದರ ಪಕ್ಕಕ್ಕೆ ಹಾಕಿಸಿಕೊಂಡರು, ನಡುವೆ ಜಾಗ ಬಿಡಲಿಲ್ಲ. ಪ್ರಧಾನರು ಸಭೆ ಮುಂದಕ್ಕೆ ಹೋಗಿದೆ ಎಂದು ಹೇಳಿ ಎದ್ದು ಹೋದರು. ಅವರ ಹಿಂದೆ ಕೆಲವರು ಹೋದರು, ಕೆಲವರು ಹೋಗಲಿಲ್ಲ. ನಾವಿಬ್ಬರೂ ಕಚೇರಿ ಮುಚ್ಚುವವರೆಗೆ ಅಲ್ಲೇ ಕೂತಿದ್ದೆವು. ಕಾರ್ಯದರ್ಶಿ ಟೀ ತರಿಸಿದರು. ಲೋಟ ಎಲ್ಲರಿಗೂ ಒಂದೇ ಥರದ್ದು. ನಾನು ಗಮನಿಸಿದೆ.

ಅವಳನ್ನು ಬೈಯಬೇಡಿ. ಮುನಾವರ್ ಅಣ್ಣನಿಗೂ ಹೇಳಿ.

ಇಂತಿ ನಿಮ್ಮ ಮಗಳ ಸಮಾನಳಾದ
ಪುಟ್ಟಗಂಗಮ್ಮ

---

ಹಾಲುಕೆರೆ
೧೪ ಅಕ್ಟೋಬರ್ ೧೯೮೭

ಕುಲ್ಸುಂ,

ನೀನು ಇಲ್ಲಿಂದ ಹೋಗಿ ಎರಡು ತಿಂಗಳ ಮೇಲಾಯಿತು, ಕಾಗದವೇ ಇಲ್ಲ. ಏನಾಗಿದೆ ಎಂದು ಊಹಿಸಬಲ್ಲೆ.

ಮಹಾಲಿಂಗಯ್ಯನವರು ನನ್ನೊಡನೆ ಈಗಲೂ ಮಾತಾಡುವುದಿಲ್ಲ, ಗೋಡೆಗೆ ಹೇಳಿದ ಹಾಗೆ ಹೇಳುತ್ತಾರೆ. ಹೇಳಲಿ. ಕೇರಿಗೆ ಬೋರ್‌ವೆಲ್ ಬೇಕು ಎಂದೆ. "ನೋಡಾಣ" ಅಂದರು. "ನೋಡಾಣ ಅಂತ ಬೇಡ, ಬರೀರಿ" ಎಂದು ಕಾರ್ಯದರ್ಶಿಗೆ ಹೇಳಿದೆ. ಬರೆದರು. ಬರೆದದ್ದನ್ನು ಓದಿ ನೋಡಿಯೇ ರುಜು ಹಾಕಿದೆ.

ಇನ್ನೊಂದು ಸುದ್ದಿ. ಹಿಂದಿನ ಕೋಣೆಯ ಕುರ್ಚಿಗಳನ್ನೆಲ್ಲ ರಿಪೇರಿ ಮಾಡಿಸಬೇಕು ಎಂದು ಚೆನ್ನಮ್ಮನವರು ಹೇಳಿ ಸಭೆಯಲ್ಲಿ ಒಪ್ಪಿಸಿದರು. ಕೆಲಸ ನಿನ್ನದು. ಮುಂದಿನ ವಾರ ಗಾಡಿಯಲ್ಲಿ ಬರುತ್ತವೆ. ಅಂಗಡಿ ಇದೆಯೋ ಇಲ್ಲವೋ, ತಿಳಿಸು.

ಪುಟ್ಟಗಂಗಮ್ಮ

---

ಮಂಡಿಪೇಟೆ, ತುಮಕೂರು
೨೯ ನವೆಂಬರ್ ೧೯೮೭

ಪುಟ್ಟಿ,

ಅಂಗಡಿ ಇಲ್ಲ. ನಿಮ್ಮೂರಿನಿಂದ ಬಂದ ಸಂಜೆಯೇ ಬೀಗ ಬಿದ್ದಿತ್ತು. ಈಗ ಒಳಗೆ ಸ್ಟೀಲ್ ಕುರ್ಚಿ ಪೇರಿಸಿಟ್ಟಿದ್ದಾನೆ. ಅಬ್ಬಾ ಕೂರುತ್ತಿದ್ದ ಹೊಸ್ತಿಲಿಗೂ ಶಟರ್ ಎಳೆದಾಯಿತು. ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದಾಗ ತಲೆ ಬಗ್ಗಿಸಿಕೊಂಡೇ ಕೇಳಿದರು. ಲೋಟದ ಮಾತು ಬಂದಾಗ ಮಾತ್ರ ಇನ್ನೊಂದು ಸಲ ಓದು ಎಂದರು. ಮುನಾವರ್ ಮನೆಯಲ್ಲಿ ನನ್ನೊಡನೆ ಮಾತು ಬಿಟ್ಟ. ನಾನೂ ಬಿಟ್ಟೆ.

ಕುರ್ಚಿಗಳನ್ನು ಹಿತ್ತಲಿನಲ್ಲೇ ಇಳಿಸಿಕೊಂಡೆ. ಕೂತು ಬೆತ್ತ ಹೆಣೆಯುವುದು ಎಲ್ಲಾದರೂ ಆಗುತ್ತದೆ. ಬಗ್ಗಿಸುವುದು ಕಷ್ಟ. ಕೊಳವೆಯಿಂದ ತೆಗೆದ ಮರ ಕಾಯುವುದಿಲ್ಲ. ಆವಿ ಆರುವ ಮೊದಲು ಅಚ್ಚಿಗೆ ಕೂರಿಸದಿದ್ದರೆ ಹೋಯಿತು. ನಾನೂ ಅಬ್ಬಾನೂ ಹೇಗೋ ನಡೆಸುತ್ತಿದ್ದೆವು. ಹೋದ ಶುಕ್ರವಾರ ಒಂದು ದಪ್ಪ ಕೋಲು. ಅರ್ಧ ಬಗ್ಗಿಸಿದ್ದೆವು, ಅಬ್ಬಾನ ಕೈ ಜಾರಿತು. ಪಟ್ಟಿ ಚಿಮ್ಮಿ ಅವರ ಭುಜಕ್ಕೆ ಬಡಿಯಿತು. ಅವರು ನಿಂತಲ್ಲೇ ಕುಸಿದು ಕೂತರು. ನಾನು ನನ್ನ ತುದಿಯನ್ನು ಬಿಡುವ ಹಾಗಿಲ್ಲ. ಬಿಟ್ಟರೆ ಅದು ನನ್ನ ಮುಖಕ್ಕೇ ಬರುತ್ತದೆ.

ಮುನಾವರ್ ನಮಾಜು ಮುಗಿಸಿ ಊಟಕ್ಕೆ ಬಂದವನು ಬಾಗಿಲಲ್ಲಿ ನಿಂತಿದ್ದ. ಬಿಳಿ ಅಂಗಿ ಹಾಕಿದ್ದ. ನಾನು ಅವನನ್ನು ಕರೆಯಲಿಲ್ಲ. ಹಲ್ಲು ಕಚ್ಚಿಕೊಂಡು ಹಿಡಿದೇ ಇದ್ದೆ. ಮರ ಆರುತ್ತಿತ್ತು. ಅಬ್ಬಾ ಕೂತಲ್ಲಿಂದಲೇ, "ಮುನ್ನಾ, ಹಿಡಿ" ಅಂದರು. ಅಷ್ಟೇ.

ಓಡಿ ಬಂದು ಹಿಡಿದ. ಕೈಗೆ ಬಟ್ಟೆಯನ್ನೂ ಸುತ್ತಿಕೊಳ್ಳಲಿಲ್ಲ. ಅವನು ಆ ಕೊನೆಯಿಂದ, ನಾನು ಈ ಕೊನೆಯಿಂದ, ಅಬ್ಬಾ ನಡುವೆ ಕೂತು "ಒಯ್ಯಿ, ಒಯ್ಯಿ" ಎನ್ನುತ್ತಾ. ಚಿಕ್ಕಂದಿನಲ್ಲಿ ಅವನು ಈ ಕೆಲಸ ಕಲಿತಿದ್ದ ಎನ್ನುವುದು ನನಗೆ ಮರೆತೇಹೋಗಿತ್ತು ಪುಟ್ಟಿ. ಕೈಗೆ ಮರೆತಿರಲಿಲ್ಲ. ಅಚ್ಚಿಗೆ ಕೂರಿಸಿ ಬಿಗಿದು ಮುಗಿಸಿದೆವು. ಅವನ ಎರಡು ಅಂಗೈಯೂ ಕೆಂಪಗೆ ಸುಟ್ಟಿತ್ತು. ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ಕೂತ. ಅಬ್ಬಾನ ಭುಜವನ್ನು ಒತ್ತಿ ನೋಡಿದ. ಊಟ ಮಾಡಿ ಹೊರಟವನು ನನ್ನ ಕಡೆ ನೋಡದೆಯೇ, "ಪಟ್ಟಿ ಬೋಲ್ಟು ಸವೆದಿದೆ. ಬದಲಾಯಿಸು" ಅಂದ.

ಶಟರಿನ ಬೀಗ ಹಾಗೇ ಇದೆ. ತೆಗೆ ಎಂದು ನಾನು ಕೇಳಿಲ್ಲ, ಕೇಳುವವಳೂ ಅಲ್ಲ. ಅವನು ತೆಗೆಯುವುದೂ ಇಲ್ಲವೇನೋ. ಹಿತ್ತಲಿಗೂ ಹಿಂದಿನ ಬೀದಿಗೂ ನಡುವೆ ಇರುವುದು ಒಂದೇ ಗೋಡೆ. ಅದನ್ನು ಒಡೆಸಲೇ ಎಂದು ಅಬ್ಬಾನನ್ನು ಕೇಳಿದೆ. "ನನ್ನ ಗೋಡೆ, ಒಡಿ" ಅಂದರು. ನಾಳೆ ಗಾರೆಯವರು ಬರುತ್ತಾರೆ. ಬಾಗಿಲು ಅಗಲವಾಗಿರಲಿ, ಬೀದಿಯಲ್ಲಿ ಹೋಗುವವರಿಗೆಲ್ಲ ಹಂಡೆ ಕಾಣಬೇಕು ಎಂದು ಹೇಳಿದ್ದೇನೆ.

ಕುಲ್ಸುಂ